ಗಾಳಿಯಾಡುವ ಬೂಟು: ನಮ್ಮ ಮಳೆಗಾಲಕ್ಕೆ ತಕ್ಕದ್ದೇ?

ಮಳೆಗಾಲದ ಒಂದು ಸಂಜೆ ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕುಂಟುತ್ತ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಐವತ್ತೆಂಟು, ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ. ದಿನಕ್ಕೆ ಅರ್ಧ ತಾಸು ನಡೆಯಿರಿ ಎಂದು ಅವರಿಗೆ ಹೇಳಿದವನು ನಾನೇ. ಅಪ್ಪ ನಡೆಯುತ್ತಾರೆಂದು ಬೆಂಗಳೂರಿನ ಮಗ ಓಟದ ಬೂಟು ತಂದುಕೊಟ್ಟಿದ್ದ. ಮೇಲ್ಭಾಗವೆಲ್ಲ ಬಲೆಯಂತೆ ತೂತು ತೂತಾಗಿರುವ, ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗದ ಬೂಟು. ಮಳೆ ಬಿಟ್ಟಾಗಲೆಲ್ಲ ಅವರು ಅದನ್ನು ಹಾಕಿಕೊಂಡು ನಡೆದರು. ಒದ್ದೆಯಾದ ಬೂಟು ಮರುದಿನಕ್ಕೆ ಒಣಗುತ್ತಿರಲಿಲ್ಲ. ಅದನ್ನೇ ಮತ್ತೆ ಹಾಕಿಕೊಂಡರು. ಮೂರು ವಾರಗಳಲ್ಲಿ ಕಿರುಬೆರಳ ಸಂದಿ ಬೆಳ್ಳಗೆ ಕೊಳೆತು ಬಿರುಕು ಬಿಟ್ಟು, ಅಲ್ಲಿಂದ ಸೋಂಕು ಪಾದಕ್ಕೆ ಏರಿತ್ತು.

"ನೋವೇ ಇರಲಿಲ್ಲ ಡಾಕ್ಟ್ರೇ, ಅದಕ್ಕೇ ಬರಲಿಲ್ಲ" ಎಂದರು. ದೊಡ್ಡಾಸ್ಪತ್ರೆಗೆ ಕಳಿಸಬೇಕಾಯಿತು. ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ. ನಡೆಯಿರಿ ಎಂದಿದ್ದೆನೇ ಹೊರತು, ಏನು ಹಾಕಿಕೊಂಡು ನಡೆಯುತ್ತೀರಿ ಎಂದು ನಾನು ಕೇಳಿರಲಿಲ್ಲ. ಆ ಮಾತನ್ನು ಈ ವಾರ ನಿಮ್ಮೆಲ್ಲರ ಜೊತೆ ಆಡಬೇಕೆನಿಸಿತು.

ಏನಿದು ಗಾಳಿಯಾಡುವ ಬೂಟು?

ನಮ್ಮ ಎರಡು ಪಾದಗಳಲ್ಲಿ ಒಟ್ಟು ಸುಮಾರು ಎರಡೂವರೆ ಲಕ್ಷ ಬೆವರಿನ ಗ್ರಂಥಿಗಳಿವೆ. ಓಡಿದಾಗ ಪಾದ ಬಿಸಿಯಾಗಿ ಬೆವರುತ್ತದೆ. ಚರ್ಮದ ಅಥವಾ ರೆಕ್ಸಿನ್ ಬೂಟಿನಲ್ಲಿ ಆ ಬೆವರು ಹೊರಹೋಗಲು ದಾರಿ ಕಡಿಮೆ. ಈ ತೊಂದರೆಗೆ ಪರಿಹಾರವಾಗಿ ಬಂದದ್ದು ನೈಲಾನ್ ಅಥವಾ ಪಾಲಿಯೆಸ್ಟರ್ ಬಲೆಯ ಬೂಟು. 2002ರಲ್ಲಿ ಅಡಿಡಾಸ್ ಕಂಪನಿ 'ಕ್ಲೈಮಾಕೂಲ್' ಎಂಬ ಹೆಸರಿನಲ್ಲಿ ಮೇಲಿನಿಂದಷ್ಟೇ ಅಲ್ಲ, ಅಟ್ಟೆಯ ಕಡೆಯಿಂದಲೂ ಗಾಳಿಯಾಡುವಂಥ ಬೂಟನ್ನು ಮಾರುಕಟ್ಟೆಗೆ ತಂದಿತು. ಈಗ ನಾನಾ ಕಂಪನಿಗಳ, ನಾನಾ ಬೆಲೆಯ ಬಲೆಯ ಬೂಟುಗಳು ಶಿರಸಿ ಪೇಟೆಯಲ್ಲೂ ಸಿಗುತ್ತವೆ.

ಗುಣಗಳು

ಮೊದಲನೆಯದು, ಬೆವರು ಆರುತ್ತದೆ. ಬೆವರಿನಿಂದ ಮೆತ್ತಗಾದ ಚರ್ಮ ಉಜ್ಜಿದಾಗ ಬೇಗ ಬೊಕ್ಕೆ ಏಳುತ್ತದೆ. ಚರ್ಮ ಒಣಗಿದ್ದರೆ ಬೊಕ್ಕೆಯೂ ಕಡಿಮೆ, ದುರ್ವಾಸನೆಯೂ ಕಡಿಮೆ. ಎರಡನೆಯದು, ಬೂಟು ಹಗುರ. ಮೂರನೆಯದು, ಬಲೆ ಸ್ವಲ್ಪ ಹಿಗ್ಗುವುದರಿಂದ ಅಗಲ ಪಾದದವರಿಗೆ, ಹೆಬ್ಬೆರಳ ಬುಡದಲ್ಲಿ ಗಂಟು ಇರುವವರಿಗೆ ಒತ್ತುವುದಿಲ್ಲ. ನಾಲ್ಕನೆಯದು, ತೊಳೆಯುವುದು ಸುಲಭ. ಬಿಸಿಲಿದ್ದರೆ ಚರ್ಮದ ಬೂಟಿಗಿಂತ ಬೇಗ ಒಣಗುತ್ತದೆ.

ಪೊಲೀಸ್ ನೇಮಕಾತಿಗೆಂದು ಬೆಳಗಿನ ಜಾವ ಮೈದಾನದಲ್ಲಿ 1600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗರಿಗೆ, ಡಾಂಬರು ರಸ್ತೆಯ ಮೇಲೆ ನಡೆಯುವ ಹಿರಿಯರಿಗೆ, ದೀಪಾವಳಿ ಕಳೆದ ಮೇಲಿನಿಂದ ಮುಂಗಾರು ಹಿಡಿಯುವವರೆಗೆ ಇದು ಒಳ್ಳೆಯ ಜೊತೆಗಾರ. ಅದರಲ್ಲಿ ಅನುಮಾನವಿಲ್ಲ.

ದೋಷಗಳು

ಗಾಳಿ ಬರುವ ದಾರಿಯೇ ನೀರು ಬರುವ ದಾರಿಯೂ ಹೌದು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಒಂದು ಹೊಂಡ ದಾಟಿದರೆ ಸಾಕು, ಬಲೆಯ ಬೂಟು ಒಳಗಿನಿಂದ ಒದ್ದೆ. ಬೆವರು ಆರಬೇಕಾದರೆ ಹೊರಗಿನ ಗಾಳಿ ಒಣಗಿರಬೇಕು. ಆಷಾಢದಲ್ಲಿ ನಮ್ಮ ಗಾಳಿಯೇ ನೀರು ಹೊತ್ತಿರುತ್ತದೆ. ಹಗ್ಗದ ಮೇಲೆ ಹರವಿದ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ, ಒಳಗೆ ದಪ್ಪ ಸ್ಪಂಜಿನ ಪದರವಿರುವ ಬೂಟು ಒಂದು ರಾತ್ರಿಯಲ್ಲಿ ಒಣಗುವುದೆಲ್ಲಿ?

ಸದಾ ಒದ್ದೆಯಿರುವ ಬೆರಳ ಸಂದಿಯಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಗದ್ದೆಯಲ್ಲಿ ದುಡಿದವರಿಗೆ ಕೆಸರು ಹುಣ್ಣಿನ ಅನುಭವ ಹೊಸದಲ್ಲ. ಒದ್ದೆ ಬೂಟು ಅದೇ ತೊಂದರೆಯನ್ನು ಪೇಟೆಯವರ ಕಾಲಿಗೂ ತರುತ್ತದೆ. ಮೊದಲು ತುರಿಕೆ, ಆಮೇಲೆ ಬೆಳ್ಳಗಾದ ಚರ್ಮ, ಕೊನೆಗೆ ಬಿರುಕು. ಆ ಬಿರುಕೇ ಕೀವಿನ ರೋಗಾಣುಗಳಿಗೆ ಬಾಗಿಲು. ಇಲಿಜ್ವರದ ರೋಗಾಣು ಕೂಡ ನೆನೆದು ಒಡೆದ ಚರ್ಮದ ಮೂಲಕವೇ ದೇಹ ಸೇರುತ್ತದೆ.

ಇನ್ನೊಂದು ದೋಷ ರಕ್ಷಣೆಯದು. ಬಲೆ ಮುಳ್ಳನ್ನು ತಡೆಯುವುದಿಲ್ಲ, ಹಾವಿನ ಹಲ್ಲನ್ನೂ ತಡೆಯುವುದಿಲ್ಲ. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ ಗಂಬೂಟೇ ಸರಿ. ಓಟದ ಬೂಟಿನ ಅಟ್ಟೆಯನ್ನು ಒಣ ರಸ್ತೆಗೆಂದು ಮಾಡಿರುತ್ತಾರೆ. ಪಾಚಿಗಟ್ಟಿದ ಕೆಂಪುಕಲ್ಲಿನ ಮೆಟ್ಟಿಲು, ತೋಟದ ಸಂಕ, ಯಲ್ಲಾಪುರದ ಸಾತೊಡ್ಡಿಯಂಥ ಜಲಪಾತದ ಬಳಿಯ ಬಂಡೆಗಳ ಮೇಲೆ ಅದು ಜಾರುತ್ತದೆ. ಅರವತ್ತು ದಾಟಿದವರು ಜಾರಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು.

ಮಂಗನ ಕಾಯಿಲೆಯ ಮಾತು

ನಮ್ಮ ಭಾಗದಲ್ಲಿ ಇದನ್ನು ಹೇಳದೆ ಪಾದರಕ್ಷೆಯ ಮಾತು ಮುಗಿಯುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ, 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಇದನ್ನು ಹರಡುವುದು ಉಣುಗು. ಹೆಚ್ಚು ಅಪಾಯಕಾರಿಯಾದ ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ತರಗೆಲೆಯ ಮೇಲೆ ಕಾದಿದ್ದು ಕಾಲಿಗೆ ಹತ್ತುತ್ತದೆ.

ಬಲೆಯ ಬೂಟು ಹಿತವಾಗಿರುವ ತಿಂಗಳುಗಳೂ ಇವೇ ಎಂಬುದನ್ನು ಗಮನಿಸಿ. ಕಾಲಿಗೆ ಬೂಟಿದೆ ಎಂಬ ಧೈರ್ಯದಲ್ಲಿ ಕಾಡಂಚಿನ ದಾರಿ ಹಿಡಿಯಬೇಡಿ. ಈ ಬೂಟಿಗೆ ಗಿಣ್ಣು ಮುಚ್ಚುವಷ್ಟೂ ಎತ್ತರವಿರುವುದಿಲ್ಲ. ಹೋಗಲೇಬೇಕಾದರೆ ಉದ್ದ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮರಳಿದ ಕೂಡಲೇ ಬಟ್ಟೆ, ಕಾಲುಚೀಲಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಬೂಟನ್ನು ಹೊರಗೇ ಬಿಡಿ.

ಸಕ್ಕರೆ ಕಾಯಿಲೆಯವರಿಗೆ

ಬಹಳ ವರ್ಷಗಳ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕುಗೊಳಿಸುತ್ತದೆ. ಜಲ್ಲಿಕಲ್ಲು ಒತ್ತಿದರೂ, ಚರ್ಮ ಒಡೆದರೂ ಗೊತ್ತಾಗುವುದಿಲ್ಲ. ಮೇಲೆ ಹೇಳಿದ ಬೆಳೆಗಾರರಿಗೆ ನೋವಿರಲಿಲ್ಲ ಎಂಬುದೇ ಅವರ ಕಾಯಿಲೆಯ ಲಕ್ಷಣವಾಗಿತ್ತು. ನೋವಿಲ್ಲವೆಂದರೆ ಗಾಯವಿಲ್ಲವೆಂದು ಅರ್ಥವಲ್ಲ.

ಆದ್ದರಿಂದ ನೀವು ಮಳೆಗಾಲದಲ್ಲಿ ಹೊರಗಿನ ನಡಿಗೆಗೆ ಬಲೆಯ ಬೂಟು ಹಾಕಬೇಡಿ. ಮನೆಯ ಜಗಲಿಯಲ್ಲೇ, ಒಣ ನೆಲದ ಮೇಲೆ ನಡೆದರೂ ನಡಿಗೆಯೇ. ಆದರೆ ಬರಿಗಾಲಲ್ಲಿ ಬೇಡ. ಒಣಗಿದ, ಮೆತ್ತನೆಯ ಪಾದರಕ್ಷೆ ಇರಲಿ. ಯಾವುದೇ ಬೂಟಿರಲಿ, ಹಾಕುವ ಮುನ್ನ ಕೈ ಹಾಕಿ ಒಳಗೆ ತಡವಿ ನೋಡಿ. ಬಿಳಿ ಕಾಲುಚೀಲ ಹಾಕಿ. ರಕ್ತವೋ ಕೀವೋ ತಾಗಿದರೆ ಕಣ್ಣಿಗೆ ಬೀಳುತ್ತದೆ. ಪ್ರತಿ ರಾತ್ರಿ ಪಾದದ ಅಡಿಯನ್ನೂ ಬೆರಳ ಸಂದಿಗಳನ್ನೂ ಬೆಳಕಿನಲ್ಲಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರು ನೋಡಲಿ.

ಕೊಳ್ಳುವಾಗ, ಬಳಸುವಾಗ

1. ಸಂಜೆ ಹೊತ್ತು ಕೊಳ್ಳಿ. ಆಗ ಪಾದ ತುಸು ಊದಿರುತ್ತದೆ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲದಷ್ಟು ಜಾಗವಿರಲಿ.

2. ಬೂಟು ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ ಹಾಕಿ. ಒಂದೇ ಇದ್ದರೆ ಅದು ಒಣಗುವವರೆಗೆ ಚಪ್ಪಲಿಯೇ ಲೇಸು.

3. ಹತ್ತಿಯ ಕಾಲುಚೀಲ ಬೆವರು ಹೀರುತ್ತದೆ, ಆದರೆ ಹಿಡಿದಿಟ್ಟುಕೊಳ್ಳುತ್ತದೆ. ಓಡಿದ ಕೂಡಲೇ ಬದಲಿಸಿ.

4. ಒದ್ದೆ ಬೂಟನ್ನು ಬಚ್ಚಲ ಒಲೆಯ ಪಕ್ಕ ಇಡುವ ಅಭ್ಯಾಸ ನಮ್ಮಲ್ಲಿದೆ. ಬೇಡ. ಬಿಸಿಗೆ ಅಂಟು ಬಿಡುತ್ತದೆ, ಅಟ್ಟೆ ಸೆಟೆಯುತ್ತದೆ. ಒಳಗಿನ ಪದರವನ್ನು ಹೊರತೆಗೆದು, ಬೂಟಿನೊಳಗೆ ಹಳೆಯ ಪತ್ರಿಕೆ ತುಂಬಿ, ಕಾಗದ ಒದ್ದೆಯಾದಂತೆ ಬದಲಿಸಿ. ಈ ಪುಟವನ್ನು ಓದಿ ಮುಗಿಸಿದ ಮೇಲೆ ಅದಕ್ಕೆ ಬಳಸಿದರೆ ನನ್ನ ಅಭ್ಯಂತರವಿಲ್ಲ.

5. ಮನೆಗೆ ಬಂದು ಕಾಲು ತೊಳೆಯುವುದು ನಮ್ಮ ಹಿರಿಯರ ರೂಢಿ. ತೊಳೆದರಷ್ಟೇ ಸಾಲದು, ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ.

6. ಸಂದಿ ತುರಿಸಿದರೆ ಅಂಗಡಿಯಲ್ಲಿ ಕೇಳಿ ಯಾವುದೋ ಮುಲಾಮು ತರಬೇಡಿ. ಅವುಗಳಲ್ಲಿ ಹಲವಕ್ಕೆ ಸ್ಟಿರಾಯ್ಡ್ ಬೆರೆತಿರುತ್ತದೆ. ತುರಿಕೆ ತಕ್ಷಣ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ವೈದ್ಯರು ಕೊಟ್ಟ ಔಷಧವನ್ನು, ವಾಸಿಯಾದಂತೆ ಕಂಡರೂ, ಅವರು ಹೇಳಿದಷ್ಟು ದಿನ ಹಚ್ಚಿ.

ದುಬಾರಿ ಬೂಟು ಬೇಕೇ?

ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದ. 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು ಮತ್ತೆ ಗೆದ್ದ. ಓಡುವುದು ಕಾಲೇ ಹೊರತು ಬೂಟಲ್ಲ. ಮಗನಿಗೆ ಹೆಸರಾಂತ ಕಂಪನಿಯ ಬೂಟು ಕೊಡಿಸಲಾಗಲಿಲ್ಲವೆಂದು ತಂದೆ ತಾಯಿ ಕೊರಗಬೇಕಾಗಿಲ್ಲ. ಅಳತೆ ಸರಿಯಿದ್ದು, ಒಣಗಿದ್ದು, ಕಚ್ಚದಿದ್ದರೆ ಸಾಧಾರಣ ಬೂಟೂ ಸಾಕು.

ಆ ಬೆಳೆಗಾರರು ಈಗ ಮಳೆಗಾಲದಲ್ಲಿ ಅಡಿಕೆ ಅಂಗಳದ ಪಕ್ಕದ ಉದ್ದ ಜಗಲಿಯಲ್ಲಿ ನಡೆಯುತ್ತಾರೆ. ಬಲೆಯ ಬೂಟನ್ನು ಎಸೆದಿಲ್ಲ. ಬಿಸಿಲು ಬಂದ ಮೇಲೆ ಹೊರತೆಗೆಯುತ್ತಾರೆ. ರಾತ್ರಿ ಊಟವಾದ ಮೇಲೆ ಅವರ ಪಾದ ನೋಡುವ ಕೆಲಸ ಮೊಮ್ಮಗಳದು. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಇಂದು ರಾತ್ರಿಯೇ ಅವರ ಬೆರಳ ಸಂದಿಗಳನ್ನು ಒಮ್ಮೆ ನೋಡಿ.