ಕರಾವಳಿ ರಕ್ಷಣಾ ಪಡೆ: ದಿನಾಂಕ ತಪ್ಪದಿರಲಿ

ಬೀದರ್, ಭಾಲ್ಕಿ, ಔರಾದ್‌ನ ಅಭ್ಯರ್ಥಿಗಳಿಗೆ ಮಾಂಜ್ರಾ ನದಿ ಹತ್ತಿರ, ಕಡಲು ದೂರ. ತಲೆಯ ಮೇಲೆ ಹಾರುವುದೂ ವಾಯುಪಡೆಯ ವಿಮಾನ. ಆದರೂ ಈ ಪಾಠ ಬಿಡಬೇಡಿ. 1970ರ ದಶಕದಲ್ಲಿ ಕಡಲ ಕಳ್ಳಸಾಗಣೆ ಮಿತಿಮೀರಿದಾಗ ಕೆ.ಎಫ್. ರುಸ್ತಮ್‌ಜಿ ಸಮಿತಿ ಪ್ರತ್ಯೇಕ ಪಡೆಗೆ ಶಿಫಾರಸು ಮಾಡಿತು. 1976ರ ಕಾಯ್ದೆಯಿಂದ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯವನ್ನೂ ಕಾಯಬೇಕಾಯಿತು. ಹಲವರು ಎಡವುವುದು ಇಲ್ಲಿ: ಮಧ್ಯಂತರ ಪಡೆ ಹುಟ್ಟಿದ್ದು 1977ರ ಫೆಬ್ರವರಿ 1ರಂದು, ಆ ದಿನವೇ ಪಡೆಯ ದಿನಾಚರಣೆ, ಶಾಸನಬದ್ಧವಾದದ್ದು 1978ರ ಆಗಸ್ಟ್‌ನಲ್ಲಿ. ನೌಕಾಪಡೆ ಕೊಟ್ಟ 2 ಫ್ರಿಗೇಟ್, 5 ಗಸ್ತು ದೋಣಿಗಳೇ ಮೊದಲ ಬಲ. ಧ್ಯೇಯವಾಕ್ಯ ‘ವಯಂ ರಕ್ಷಾಮಃ’. ಪಡೆ ಯಾರ ಅಧೀನ ಎಂದರೆ ಗೃಹ ಸಚಿವಾಲಯ ಎಂದು ಗುರುತು ಹಾಕಬೇಡಿ, ರಕ್ಷಣಾ ಸಚಿವಾಲಯ. ಕರ್ನಾಟಕದ ಕೇಂದ್ರ ಕಚೇರಿ ಮಂಗಳೂರಿನ ಪಣಂಬೂರಿನಲ್ಲಿದೆ. ಕಡಲಲ್ಲಿ ಸಿಲುಕಿದವರು ಕರೆಯಬೇಕಾದ ಸಂಖ್ಯೆ 1554.