ಹಳೆ ಅಕ್ಕಿ, ಹಳೆ ವಿಸ್ಕಿ ಮತ್ತು ಒಂದು ಸಣ್ಣ ಲೆಕ್ಕ



ಈ ಸಲ ಡಿಸ್ಟಿಲೇಷನ್ ಓದುತ್ತಾ ಓದುತ್ತಾ ನಾವು ವಿಸ್ಕಿ ಕಡೆ ಜಾರಿಬಿಟ್ಟೆವು. ಗಾಬರಿ ಬೇಡ, ಓದಿದ್ದಷ್ಟೇ, ಕುಡಿದಿಲ್ಲ! ಜಾನಿ ವಾಕರ್ ಬ್ಲೂ ಲೇಬಲ್ ಎಂಬ ದುಬಾರಿ ಸ್ಕಾಚ್ ಇದೆ. 19ನೇ ಶತಮಾನದ ಮಿಶ್ರಣಗಳ ಶೈಲಿಯಿಂದ ಸ್ಫೂರ್ತಿ ಪಡೆದದ್ದು ಅಂತ ಅದರ ಕಂಪನಿ ಹೇಳಿಕೊಳ್ಳುತ್ತದೆ. ಆದರೆ ಬಾಟಲಿ ಮೇಲೆ ಎಷ್ಟು ವರ್ಷ ಹಳೆಯದು ಎಂದು ಬರೆದಿರುವುದಿಲ್ಲ. ಹಾಗಾದರೆ ಇದರಲ್ಲಿ ಹಳೆಯದು ಯಾವುದು?

ಇದು ನಮಗೆ ಅರ್ಥವಾದದ್ದು ಅಕ್ಕಿಯಿಂದ. ನಮ್ಮಲ್ಲಿ ಒಬ್ಬನ ಊರು ಗಂಗಾವತಿ ಕಡೆಯ ನವಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಸೀಮೆ ಅದು. "ಹೊಸ ಅಕ್ಕಿ ಅನ್ನ ಮುದ್ದಿ ಆಗ್ತದ, ಹಳಿ ಅಕ್ಕಿದು ಉದುರುದುರ ಆಗ್ತದ" ಅಂತಾರೆ ಅವನ ಅವ್ವ. ಹಳೆಯದು ಮುಗಿಯುತ್ತಾ ಬಂದಾಗ ಎರಡನ್ನೂ ಬೆರೆಸಿ ಅನ್ನದ ಹದ ಕಾಯುತ್ತಾರೆ.

ವಿಸ್ಕಿಯಲ್ಲೂ ಬೆರೆಸುವವರ ಕೆಲಸ ಇದೇ. ಜಾನ್ ವಾಕರ್ ಮೂಲತಃ ಕಿರಾಣಿ ಅಂಗಡಿಯವನು. 1820ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ ಅಂಗಡಿ ಶುರು ಮಾಡಿದ. ಆಗ ಒಂದೊಂದು ಭಟ್ಟಿಯ ಮಾಲ್ಟ್ ವಿಸ್ಕಿ ಒಂದೊಂದು ಥರ ಇರುತ್ತಿತ್ತು. 1830ರಲ್ಲಿ ಏನಿಯಸ್ ಕಾಫಿ ಎಂಬಾತ ಎತ್ತರದ ಕಂಬದಂತಹ ಸ್ಟಿಲ್‌ಗೆ ಪೇಟೆಂಟ್ ಪಡೆದ. ಅದರಲ್ಲಿ ಧಾನ್ಯದಿಂದ ಹಗುರವಾದ ವಿಸ್ಕಿಯನ್ನು ನಿಲ್ಲಿಸದೆ ತೆಗೆಯಬಹುದಿತ್ತು. ಗಾಢವಾದ ಮಾಲ್ಟ್‌ಗೆ ಇದನ್ನು ಬೆರೆಸಿದ್ದೇ ಬ್ಲೆಂಡೆಡ್ ಸ್ಕಾಚ್. ವಾಕರನ ಮಗ ಅಲೆಕ್ಸಾಂಡರ್ ಇದನ್ನೇ ದೊಡ್ಡ ವ್ಯಾಪಾರ ಮಾಡಿದ.

ಅಂದರೆ "ಹಳೆ ಶೈಲಿ" ಎನ್ನುವುದು ರುಚಿಯ ಬಗ್ಗೆ ಹೇಳುವ ಮಾತು. ಪೀಪಾಯಿಯ ವಯಸ್ಸೇ ಬೇರೆ ಸಂಗತಿ. ಸ್ಕಾಚ್ ಕಾನೂನಿನ ಪ್ರಕಾರ ವಿಸ್ಕಿ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇರಲೇಬೇಕು. ಬಾಟಲಿ ಮೇಲೆ ವಯಸ್ಸು ಹಾಕಿದರೆ ಅದು ಮಿಶ್ರಣದಲ್ಲಿರುವ ಅತಿ ಚಿಕ್ಕ ವಿಸ್ಕಿಯದೇ ಆಗಿರಬೇಕು. 12 ಅಂತ ಇದ್ದರೆ ಅದರೊಳಗೆ 20 ವರ್ಷದ್ದೂ ಇರಬಹುದು, 11ರದ್ದು ಇರುವಂತಿಲ್ಲ.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಶುರುವಾದದ್ದು 1948ರಲ್ಲಿ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ! ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗಕ್ಕೆ ಅಲ್ಲಿನವರು ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಲ್ಲಿ ಶೇ. 10ರಿಂದ 12.

200 ಲೀಟರಿನ ಒಂದು ಪೀಪಾಯಿ ತಗೊಂಡು, ನಷ್ಟದ ದರ ಪ್ರತಿ ವರ್ಷ ಒಂದೇ ಇರುತ್ತದೆ ಅಂತ ಇಟ್ಟುಕೊಳ್ಳೋಣ. 12 ವರ್ಷಕ್ಕೆ ಸ್ಕಾಟ್ಲೆಂಡಿನಲ್ಲಿ ಉಳಿಯುವುದು 200 ಅನ್ನು 0.98ರ 12ನೇ ಘಾತದಿಂದ ಗುಣಿಸಿದಷ್ಟು, ಅಂದರೆ ಸುಮಾರು 157 ಲೀಟರ್. ಬೆಂಗಳೂರಿಗೆ ಶೇ. 11 ಹಿಡಿದರೆ 0.89ರ 12ನೇ ಘಾತ, ಉಳಿಯುವುದು ಬರೀ 49 ಲೀಟರ್! 4 ವರ್ಷಕ್ಕಾದರೆ 125 ಲೀಟರ್ ಸಿಗುತ್ತದೆ. ಸೆಕೆಗೆ ಮರದ ಸಾರವೂ ಬೇಗ ಇಳಿಯುವುದರಿಂದ ಇಲ್ಲಿ ವಿಸ್ಕಿ ಬೇಗ ಹದಕ್ಕೆ ಬರುತ್ತದೆ. ಹಾಗಾಗಿ ಅಲ್ಲಿನ 12 ಇಲ್ಲಿಯ 12 ಅಲ್ಲ. 2013ರಲ್ಲಿ ಅಮೃತ್‌ನವರು 8 ವರ್ಷದ ವಿಸ್ಕಿ ಹೊರತಂದಾಗ ಅದಕ್ಕೆ "ಗ್ರೀಡಿ ಏಂಜಲ್ಸ್", ಅಂದರೆ ದುರಾಸೆಯ ದೇವತೆಗಳು ಅಂತ ಹೆಸರಿಟ್ಟರು. ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಈ ಲೇಖನದ ಸುದ್ದಿ ಫೋನಿನಲ್ಲಿ ಹೇಳಿದಾಗ ನವಲಿಯ ಅವ್ವ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಕುಡಿದು ಹಾಳಾದ ಮನಿ ನಮ್ಮ ಓಣ್ಯಾಗ ಎಷ್ಟ್ ಅದಾವ, ಅದನ್ನೂ ಬರೀರಿ" ಅಂದರು. ನಮಗೆ ಉತ್ತರ ಹೊಳೆಯಲಿಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಅಗ್ಗದ ಬಾಟಲಿಯಲ್ಲೂ ದುಬಾರಿ ಬ್ಲೆಂಡ್‌ನಲ್ಲೂ ಇರುವುದು ಅದೇ ಎಥನಾಲ್, ಪ್ರಮಾಣವೂ ಹೆಚ್ಚುಕಡಿಮೆ ಶೇ. 40ರ ಆಸುಪಾಸು. ವಯಸ್ಸಿನಿಂದ ರುಚಿ ಮಾಗುತ್ತದೆ, ಬೆಲೆ ಏರುತ್ತದೆ. ಲಿವರ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ನಾವು ಕಲಿತದ್ದು ಇಷ್ಟು: ಲೇಬಲ್ ಮೇಲೆ "ಹಳೆಯದು" ಅಂತ ಕಂಡರೆ ರುಚಿಯೋ ವರ್ಷವೋ ಅಂತ ಮೊದಲು ಕೇಳಬೇಕು. ವರ್ಷ ಅಂದರೆ, ಯಾವ ಊರಿನ ವರ್ಷ ಅಂತಲೂ ಕೇಳಬೇಕು. ನವಲಿಯ ಬಿಸಿಲಿಗೆ ವರ್ಷಕ್ಕೆ ಶೇ. 15 ಹೋಗುತ್ತದೆ ಅಂತ ಸುಮ್ಮನೆ ಊಹಿಸಿ, 12 ವರ್ಷಕ್ಕೆ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ ನೋಡಿ.