ದ್ವೀಪ ಪ್ರವಾಸಕ್ಕೆ ಮಲೇರಿಯಾ ಮಾತ್ರೆ: ಕ್ಲಿನಿಕ್ಕಿನಲ್ಲಿ ಕಲಿತ ಆರು ಪಾಠ

"ಡಾಕ್ಟ್ರೇ, ಚೇಕಾಡಿಯಲ್ಲಿ ಉಳ್ಕೊಂಡು ಕುರುವಾ ದ್ವೀಪ ನೋಡ್ಕೊಂಡು ಬರ್ತೀವಿ. ಮಲೇರಿಯಾ ಮಾತ್ರೆ ಬರ್ದುಕೊಡಿ." ಬಾವಲಿ ಮಾರ್ಗವಾಗಿ ವಯನಾಡಿಗೆ ಹೊರಡುವವರು ಹೀಗೆ ಕೇಳುವುದು ಮಾಮೂಲು. ಅಂಡಮಾನ್, ಬಾಲಿಗೆ ಟಿಕೆಟ್ ಮಾಡಿಸಿದವರದೂ ಇದೇ ಬೇಡಿಕೆ. ಉತ್ತರ ಮಾತ್ರ ಎಲ್ಲರಿಗೂ ಒಂದೇ ಅಲ್ಲ.

1. ಹಳೆಯ ಹೆಸರಿಗೆ ಹೆದರಿ ಮಾತ್ರೆ ನುಂಗಬೇಡಿ.
ವಯನಾಡು ಎಂದರೆ ಚಳಿಜ್ವರ ಎಂಬ ಕಾಲವೊಂದಿತ್ತು. 1940ರ ದಶಕದಲ್ಲಿ ತಿರುವಾಂಕೂರಿನಿಂದ ಭೂಮಿ ಅರಸಿ ಬಂದ ಕುಟುಂಬಗಳನ್ನು ಮಲೇರಿಯಾ ಹಣ್ಣುಮಾಡಿತ್ತು. ಡಿಡಿಟಿ ಸಿಂಪಡಣೆ, 1953ರಲ್ಲಿ ಶುರುವಾದ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆ ಚಿತ್ರ ಬದಲಿಸಿದವು. ಇಂದು ಕೇರಳದಲ್ಲಿ ಕಾಣುವ ಮಲೇರಿಯಾದ ಹೆಚ್ಚಿನ ಪಾಲು ಹೊರಗಿನಿಂದ ಬಂದವರದು. ಚೇಕಾಡಿಗೆ ನಾಲ್ಕು ದಿನ ಹೋಗಿಬರುವವರಿಗೆ ನಾನು ಮಾತ್ರೆ ಬರೆಯುವುದಿಲ್ಲ. ಸೊಳ್ಳೆ ಪರದೆ ಮತ್ತು ಮುಲಾಮು ಸಾಕು.

2. 'ದ್ವೀಪ' ಎಂದ ಮಾತ್ರಕ್ಕೆ ಎಲ್ಲವೂ ಒಂದಲ್ಲ.
ವಿಶ್ವ ಆರೋಗ್ಯ ಸಂಸ್ಥೆ ಮಾಲ್ಡೀವ್ಸನ್ನು 2015ರಲ್ಲಿ, ಶ್ರೀಲಂಕಾವನ್ನು 2016ರಲ್ಲಿ ಮಲೇರಿಯಾಮುಕ್ತ ಎಂದು ಘೋಷಿಸಿತು. ಅಲ್ಲಿಗೆ ಮಾತ್ರೆ ಬೇಡ. ಬಾಲಿಯ ಪ್ರವಾಸಿ ತಾಣಗಳಿಗೂ ಸಾಮಾನ್ಯವಾಗಿ ಬೇಡ. ಅದೇ ಇಂಡೋನೇಷ್ಯಾದ ಪಪುವಾ ಕಡೆಗೆ ಹೋಗುವುದಾದರೆ ಖಂಡಿತ ಬೇಕು. ಜಾಂಜಿಬಾರ್, ಅಂಡಮಾನ್–ನಿಕೋಬಾರ್ ಎಂದರೆ ಯಾವ ಊರು, ಯಾವ ತಿಂಗಳು, ಎಷ್ಟು ರಾತ್ರಿ ಎಂದು ಕೇಳಿಯೇ ತೀರ್ಮಾನ. ಆದ್ದರಿಂದ ವೈದ್ಯರ ಬಳಿ ದೇಶದ ಹೆಸರಲ್ಲ, ಊರೂರಿನ ಪಟ್ಟಿ ತನ್ನಿ.

3. ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದೇ ಮುಖ್ಯ.
ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಕಿಟಕಿ ಮುಚ್ಚಿದ ಎಸಿ ಕೋಣೆಗೂ ಹೊಳೆಬದಿಯ ಟೆಂಟಿಗೂ ಅಜಗಜಾಂತರ. ಇನ್ನು ಡೆಂಗಿ ಹರಡುವ ಈಡಿಸ್ ಹಗಲಿನ ಸೊಳ್ಳೆ. ಮಲೇರಿಯಾ ಮಾತ್ರೆ ಡೆಂಗಿಯನ್ನು ತಡೆಯದು. ಮಾತ್ರೆ ನುಂಗಿದ್ದೇವೆ ಎಂದು ತೋಳಿಲ್ಲದ ಅಂಗಿಯಲ್ಲಿ ಕೂತವರೇ ಸೊಳ್ಳೆಗೆ ಸಲೀಸು.

4. ಪಕ್ಕದ ಮನೆಯವರ ಮಾತ್ರೆ ನಿಮಗಲ್ಲ.
ಡಾಕ್ಸಿಸೈಕ್ಲಿನ್ ಅಗ್ಗ, ದಿನಕ್ಕೊಂದು. ಆದರೆ ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡುವುದಿಲ್ಲ. ಬಿಸಿಲಿಗೆ ಚರ್ಮ ಸುಡುತ್ತದೆ. ಕಡಲತೀರದಲ್ಲಿ ಇದು ಸಣ್ಣ ಮಾತಲ್ಲ. ಒಂದು ಲೋಟ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದೆ ಕೂತಿರಬೇಕು, ಇಲ್ಲವಾದರೆ ಅನ್ನನಾಳ ಹುಣ್ಣಾದೀತು. ಮೆಫ್ಲೋಕ್ವಿನ್ ವಾರಕ್ಕೊಂದು, ಫಿಟ್ಸ್, ಖಿನ್ನತೆ ಇದ್ದವರಿಗೆ ಸಲ್ಲದು. ಅಟೊವಾಕ್ವೋನ್–ಪ್ರೊಗ್ವಾನಿಲ್ ಹೆಚ್ಚಿನವರಿಗೆ ಒಗ್ಗುತ್ತದೆ, ಬೆಲೆ ಜಾಸ್ತಿ. ಗರ್ಭಿಣಿಯರು ಮಲೇರಿಯಾ ಇರುವ ಜಾಗಕ್ಕೆ ಪ್ರವಾಸವನ್ನೇ ಮುಂದೂಡುವುದು ಲೇಸು.

5. ರಜೆ ಮುಗಿದರೂ ಮಾತ್ರೆ ಮುಗಿಯದು.
ಸೊಳ್ಳೆ ಬಿಟ್ಟ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಅಡಗಿದ್ದು, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್ ಅದನ್ನು ರಕ್ತದಲ್ಲಿ ಹಿಡಿಯುವಂಥವು. ಅದಕ್ಕೇ ಮನೆಗೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಅಟೊವಾಕ್ವೋನ್–ಪ್ರೊಗ್ವಾನಿಲ್ ಯಕೃತ್ತಿನಲ್ಲೇ ಕೆಲಸ ಮಾಡುವುದರಿಂದ ಏಳು ದಿನ ಸಾಕು. ಮನೆ ಸೇರಿದ ದಿನವೇ ಮಾತ್ರೆಯ ಪಟ್ಟಿ ಬಿಸಾಡುವವರು ಮೊದಲಿಂದ ನುಂಗಿದ್ದೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

6. ಚೇಕಾಡಿಯಲ್ಲಿ ಹೆದರಬೇಕಾದ್ದು ಬೇರೆಯೇ ಇದೆ.
ಕಾಡು ಸುತ್ತುವರಿದ, ಗಂಧಕಶಾಲ ಭತ್ತ ಬೆಳೆಯುವ ಊರು ಅದು. ಪಕ್ಕದಲ್ಲೇ ಕಬಿನಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ 2015ರಲ್ಲಿ ಚೇಕಾಡಿಗೆ ಹತ್ತಿರದ ಪುಲ್ಪಳ್ಳಿ ಕಡೆಯೂ ಜೀವ ತೆಗೆಯಿತು. ಅದನ್ನು ತರುವುದು ಉಣುಗು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಕಾಡಂಚಿಗೆ ಹೋಗುವ ಮುನ್ನ ಕಾಲಿಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ವಾಪಸಾದೊಡನೆ ಬಟ್ಟೆ ಬದಲಿಸಿ ಮೊಣಕಾಲ ಹಿಂಬದಿ, ಸೊಂಟ, ಕಂಕುಳು, ಮಕ್ಕಳ ಕಿವಿಯ ಹಿಂಭಾಗ ನೋಡಿ. ಎಳ್ಳಿನಷ್ಟು ಕಪ್ಪು ಚುಕ್ಕೆ ಅಂಟಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಿಂದ ಹಿಸುಕಬೇಡಿ.

ಗದ್ದೆಯ ಕೆಸರಲ್ಲಿ ಇಳಿದವರಿಗೆ ಇಲಿ ಜ್ವರದ ಭಯವೂ ಉಂಟು. ಅದಕ್ಕೆಂದು ಕೇರಳದಲ್ಲಿ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ ಕೊಡುತ್ತಾರೆ. ಮಲೇರಿಯಾ ತಡೆಗೆ ಬೇಕಾದ್ದು ದಿನಕ್ಕೆ 100. ಮಾತ್ರೆ ಒಂದೇ, ಲೆಕ್ಕ ಬೇರೆ, ಇದರದು ಅದಕ್ಕಾಗದು.

ಕೊನೆಯದಾಗಿ ಒಂದು ವಿನಂತಿ. ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಮಲೇರಿಯಾ ಇರುವ ಊರು ಮುಟ್ಟಿ ಒಂದು ವಾರವಾದ ಮೇಲೆ, ಅಥವಾ ಮರಳಿ ತಿಂಗಳುಗಳು ಕಳೆದ ಮೇಲೂ ಜ್ವರ ಬಂದರೆ, ಪ್ಯಾರಸಿಟಮಾಲ್ ನುಂಗಿ ಕಾಯಬೇಡಿ. ಅಂದೇ ರಕ್ತ ಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರು ಕೇಳುವ ಮುನ್ನವೇ ಹೇಳಿ.